ಸೋದರಮಾವನ ರಕ್ತ

ತೊಟ್ಟಿಲಿಗೆ ಹಾಕಿದ ದಿನ, ಜೋಗುಳ ಮುಗಿಯುವ ಮೊದಲೇ ಮುತ್ತವ್ವ ಕೂಸನ್ನು ಎತ್ತಿ ಅಣ್ಣ ಮಡಿವಾಳಪ್ಪನ ತೊಡೆಯ ಮೇಲೆ ಇಟ್ಟಿದ್ದಳು. "ಇಕಿ ನಿನ್ನ ಮನಿ ಸೊಸಿ, ಅಣ್ಣಾ. ಈ ಮಾತು ತಪ್ಪಿದ್ರ ನಾ ನಿನ್ನ ಬೆನ್ನಿಗೆ ಬಿದ್ದಾಕಿ ಅಲ್ಲ" ಎಂದಿದ್ದಳು. ಮಡಿವಾಳಪ್ಪನ ಮಗ ವೀರೇಶ ಆಗ ಚಡ್ಡಿಯಿಲ್ಲದೆ ಅಂಗಳದಲ್ಲಿ ನಿಂತು ಗುಗ್ಗರಿ ಮುಕ್ಕುತ್ತಿದ್ದ. "ಮದಿಮಗಗ ಒಂದು ಚಡ್ಡಿನಾದ್ರೂ ಹಾಕ್ರೆವ್ವಾ" ಎಂದು ನೆರೆದ ಹೆಂಗಸರೆಲ್ಲ ನಕ್ಕಿದ್ದರು.

ಆ ಕೂಸು, ಶಿಲ್ಪಾ, ಈಗ ರಾಜಾಜಿನಗರದ ಒಂದು ಆಸ್ಪತ್ರೆಯಲ್ಲಿ, ಮುರಿದ ತೊಡೆಗೆ ತೂಕ ಕಟ್ಟಿಸಿಕೊಂಡು ಮಲಗಿತ್ತು. ನಾಗರಬಾವಿಯ ರಿಂಗ್ ರೋಡಿನಲ್ಲಿ ನೀರಿನ ಟ್ಯಾಂಕರೊಂದು ಅವಳ ಸ್ಕೂಟಿಗೆ ಸವರಿಕೊಂಡು ಹೋಗಿತ್ತು. ಆಪರೇಷನ್ ಆಗಬೇಕು, ಆದರೆ ರಕ್ತ ಇಲ್ಲ. ಇಲ್ಲವೆಂದರೆ ಬಾಟಲಿಗಳೇನೋ ಇದ್ದವು, ಶಿಲ್ಪಾಳ ರಕ್ತಕ್ಕೆ ಒಂದೂ ಹೊಂದುತ್ತಿರಲಿಲ್ಲ. ಮುತ್ತವ್ವನದೂ ಹೊಂದಲಿಲ್ಲ. ರಕ್ತನಿಧಿಯ ಡಾಕ್ಟರು ಕುಸುಮಾ ಅವಳನ್ನು ಕರೆದು ಎದುರಿಗೆ ಕೂರಿಸಿಕೊಂಡು, "ಅಮ್ಮಾ, ನಿಮಗೆ ಒಡಹುಟ್ಟಿದೋರು ಯಾರಾದ್ರೂ ಇದಾರಾ?" ಎಂದು ಕೇಳಿದರು.

ಮುತ್ತವ್ವ ಇಲ್ಲವೆನ್ನಲು ಬಾಯಿ ತೆರೆದಳು.

"ಅದೀನಲ್ರಿ ಮೇಡಂ, ಇಕಿ ಅಣ್ಣ!" ಬಾಗಿಲಲ್ಲಿ ಮಡಿವಾಳಪ್ಪ ಗಂಜಿಯ ಡಬ್ಬಿ ಹಿಡಿದು ನಿಂತಿದ್ದ. ಅಂಗಿಯ ತೋಳಿಗೆ ಜೋಳದ ಹಿಟ್ಟು ಮೆತ್ತಿಕೊಂಡಿತ್ತು. "ಒಬ್ಬನs ಅಣ್ಣ, ಎರಡನೇದಾಂವ ಇಲ್ಲ. ಏನ್ ಬೇಕು ಹೇಳ್ರಿ."

ಬಾಯಿಗೆ ಬಂದ ಆ 'ಇಲ್ಲ' ಗಂಟಲಲ್ಲೇ ಹೂತುಹೋಯಿತು. ಮಗಳು ಸಾವು ಬದುಕಿನ ನಡುವೆ ಮಲಗಿರುವಾಗ ಯಾವ ತಾಯಿಗೆ ಅಂಥ ಮಾತು ಬರುತ್ತದೆ ಎಂದು ಅವಳಿಗೇ ಮೈ ಜುಂ ಎಂದಿತು. ಆದರೂ ಬಂದಿತ್ತು. ಯಾಕೆ ಬಂತೆಂಬುದೂ ಅವಳಿಗೆ ಗೊತ್ತಿತ್ತು. ಶಿಲ್ಪಾ ವೀರೇಶನನ್ನು ಒಲ್ಲೆ ಅಂದಿದ್ದಳು. "ಅವ್ವಾ, ಅವನ ಜತಿ ಚಿನ್ನಿದಾಂಡು ಆಡಿ ಬೆಳದೀನಿ, ಸಿಂಬಳ ಒರಸೀನಿ. ಅವನ್ನ ಗಂಡ ಅಂತ ಹೆಂಗ ನೋಡ್ಲಿ?" ಎಂದು ಮೊದಲು ನಕ್ಕು ಹೇಳಿದವಳು, ಆಮೇಲೆ ಅಳುತ್ತ, ಡಾಕ್ಟರ್ ರಾಜಕುಮಾರ್ ರಸ್ತೆಯ ಕನ್ನಡಕದ ಅಂಗಡಿಯಲ್ಲಿ ತನ್ನ ಜೊತೆ ಕೆಲಸ ಮಾಡುವ ಗೋಪೀನಾಥನ ಹೆಸರು ಹೇಳಿದ್ದಳು. ಮುತ್ತವ್ವ ಒಂದು ವಾರ ಮಾತು ಬಿಟ್ಟಳು, ಎರಡನೇ ವಾರ ಮೆತ್ತಗಾದಳು. "ಯುಗಾದಿ ಆಗ್ಲಿ, ನಿಮ್ಮ ಮಾಮಾಗ ನಾನs ಹೇಳತೇನಿ" ಎಂದು ಮಗಳಿಗೂ ಒಂದು ಮಾತು ಕೊಟ್ಟಳು. ಯುಗಾದಿ ಬಂದು ಹೋಯಿತು. ದಿನಾ ಬೆಳಿಗ್ಗೆ ಕೆಂಗೇರಿಯಿಂದ ಅನ್ನಪೂರ್ಣೇಶ್ವರಿ ನಗರಕ್ಕೆ ಬಂದು, ಅಣ್ಣನ ಖಾನಾವಳಿಯ ಒಲೆಯ ಮುಂದೆ ಕೂತು ರೊಟ್ಟಿ ಬಡಿದು ಹೋಗುತ್ತಿದ್ದವಳಿಗೆ ಆ ಮಾತೊಂದು ಬಾಯಿಗೆ ಬರಲಿಲ್ಲ. ಗಂಡ ಸತ್ತಾಗ ಊರಿಂದ ಕರೆತಂದು ಈ ಶಹರದಲ್ಲಿ ನೆಲೆ ಮಾಡಿಕೊಟ್ಟವನು ಅಣ್ಣ. ಅವನ ಮುಖಕ್ಕೆ ಹೇಳುವುದು ಹೇಗೆ?

ಹೇಳುವುದೇ ಇಷ್ಟು ಕಷ್ಟ. ಇನ್ನು ಅವನ ರಕ್ತವನ್ನೂ ಇಸಿದುಕೊಂಡ ಮೇಲೆ?

ಕುಸುಮಾ ಮೇಡಂ ಇಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದರು. ನಮ್ಮ ರಕ್ತದ ಕೆಂಪು ಕಣಗಳ ಮೈಮೇಲೆ ಕೆಲವು ಪ್ರೋಟೀನ್ ಇರುತ್ತವೆ. ಅವನ್ನು ಮಾಡುವ ಜೀನ್ ಅಪ್ಪನಿಂದ ಒಂದು, ಅವ್ವನಿಂದ ಒಂದು ಬರುತ್ತದೆ. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ಮಾಡುತ್ತದೆ. ಶಿಲ್ಪಾಳಿಗೆ ಎರಡೂ ಕೆಟ್ಟವೇ ಬಂದಿವೆ. ಎಲ್ಲರ ರಕ್ತದಲ್ಲೂ ಇರುವ ಒಂದು ಪ್ರೋಟೀನ್ ಅವಳಲ್ಲಿ ಇಲ್ಲ. ಅದು ಇರುವ ರಕ್ತ ಒಳಗೆ ಹೋದರೆ ಅವಳ ಮೈ ಅದನ್ನು ಹಗೆ ಅಂದುಕೊಂಡು ಕೊಲ್ಲುತ್ತದೆ.

"ಮೊದ್ಲು ಯಾವಾಗಾದ್ರೂ ರಕ್ತ ಹಾಕಿಸಿದ್ರಾ?"

"ಹೂನ್ರಿ. ಸಣ್ಣಾಕಿದ್ದಾಗ ಹೊಲದಾಗ ಮಂಡಲದ ಹಾವು ಕಡದಿತ್ತು. ತಾಲೂಕು ದವಾಖಾನ್ಯಾಗ ಹಾಕಿದ್ರು."

"ಅವಾಗಲೇ ಅವಳ ಮೈ ಕಲಿತುಬಿಟ್ಟಿದೆ. ಈಗ ಮರೆಯಲ್ಲ." ಅವರು ಪೆನ್ನಿನ ಮುಚ್ಚಳ ತಿರುಗಿಸುತ್ತ ಕೂತರು. "ಶಿಲ್ಪಾ ಅವರ ತಂದೆ ನಿಮಗೆ ಮೊದ್ಲೇ ಸಂಬಂಧನಾ?"

"ನಮ್ಮ ಸ್ವಾದರಮಾವರೀ. ನಮ್ಮವ್ವನ ತಮ್ಮ."

"ನಿಮ್ಮ ಅಪ್ಪ ಅಮ್ಮ?"

"ಅವ್ವ ಅಪ್ಪನ ಅಕ್ಕನ ಮಗಳು."

ಡಾಕ್ಟರು ತಲೆಯಾಡಿಸಿದರು. ಮಡಿವಾಳಪ್ಪನಿಗೆ ಆ ತಲೆಯಾಡಿಸುವಿಕೆ ಹಿಡಿಸಲಿಲ್ಲ. "ನಮ್ಮ ಕಡೆ ಹಂಗs ಮೇಡಂ. ಹೊರಗ ಕೊಟ್ಟು ಕಣ್ಣೀರು ಹಾಕೂದಕ್ಕಿಂತ ಮನ್ಯಾಗ ಕೊಟ್ಟು ಜಗಳ ಆಡೂದು ಚೊಲೋ."

"ಸರಿ ಸಾರ್. ಆ ಸಂಬಂಧದಿಂದಲೇ ಈಗ ನಿಮ್ಮನ್ನ ನಂಬಿ ಕೂತಿದೀವಿ. ಬನ್ನಿ, ಟೆಸ್ಟ್ ಮಾಡೋಣ."

ಹೊಂದಿತು. ವೀರೇಶನನ್ನೂ ಖಾನಾವಳಿಯಿಂದ ಕರೆಸಿ ನೋಡಿದರು, ಅವನದು ಹೊಂದಲಿಲ್ಲ. ಶಿಲ್ಪಾಳಲ್ಲಿ ಇಲ್ಲದ್ದು ಮಡಿವಾಳಪ್ಪನಲ್ಲೂ ಇರಲಿಲ್ಲ. ಇಷ್ಟು ವರ್ಷ ಕಟ್ಟಿಗೆ ಒಡೆದು, ಹಿಟ್ಟಿನ ಚೀಲ ಹೊತ್ತು, ಒಂದು ದಿನ ದವಾಖಾನೆ ಕಾಣದ ಆ ಮನುಷ್ಯ ತನ್ನೊಳಗೆ ಏನೋ ಒಂದು ಇಲ್ಲವೆಂದು ಕೇಳಿ ಮೊದಲು ಹೆದರಿದ, ಆಮೇಲೆ ಬೀಗಿದ. "ಇಡೀ ಬೆಂಗಳೂರಾಗ ಹುಡುಕಿದ್ರೂ ಸಿಗಂಗಿಲ್ಲಂತ, ಮುತ್ತೀ. ನಾ ಏನ್ ಸಾಮಾನ್ಯ ಅಂದ್ಕೊಂಡಿದ್ದಿ?"

ಸೂಜಿ ಕಂಡಾಗ ಬೀಗುವುದು ಇಳಿಯಿತು. "ಸಣ್ಣ ಸೂಜಿ ಅಂದ್ರಿ. ಇದು ಗೋಣಿಚೀಲ ಹೊಲಿಯೂ ದಬ್ಬಣ ಐತಲ್ರಿ!" ನರ್ಸ್ ಹುಡುಗಿ ನಕ್ಕಳು. "ಅಂಕಲ್, ಆ ಕಡೆ ನೋಡಿ." ಅವನು ಆ ಕಡೆ ನೋಡಿದ. ಆ ಕಡೆ ಮುತ್ತವ್ವ ನಿಂತಿದ್ದಳು. ಕೊಳವೆಯಲ್ಲಿ ಅಣ್ಣನ ರಕ್ತ ಕಪ್ಪಗೆ ಹರಿಯುವುದನ್ನು ನೋಡುತ್ತ ನಿಂತವಳಿಗೆ, ಅವನು ಏನಾದರೂ ಕೇಳಲಿ ಅನ್ನಿಸಿತು. ಮದುವೆಯ ಮಾತು ಎತ್ತಲಿ, ಹಂಗಿಸಲಿ, ಅಷ್ಟಾದರೂ ಜಗಳವಾಡಬಹುದು. ಅವನು ಎತ್ತಲಿಲ್ಲ. "ಹುಡುಗಿ ನಿನ್ನೆಯಿಂದ ಉಂಡಾಳೋ ಇಲ್ಲೋ" ಎಂದಷ್ಟೇ ಕೇಳಿದ.

ಮದುವೆಯ ಮಾತು ಎತ್ತುವ ಕೆಲಸವನ್ನು ಅವನ ಹೆಂಡತಿ ಜಗದಾಂಬಾ ಮಾಡಿದಳು. ಆಪರೇಷನ್ ಥಿಯೇಟರಿನ ಹೊರಗೆ ಬೆಂಚಿನ ಮೇಲೆ ಕೂತು ಅವಳು ಸೀರೆಯ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ನೋಡು ಮುತ್ತವ್ವಾ, ದೇವರು ಹೆಂಗ ಗಂಟು ಹಾಕ್ತಾನ. ನಮ್ಮ ಮನೀಗೆ ಬರೂ ಹುಡುಗಿಗೆ ನಮ್ಮ ಮನೀದs ರಕ್ತ. ಇನ್ನ ಯಾರು ಬಿಡಿಸ್ತಾರ?" ಎಂದಳು. ಅದರಲ್ಲಿ ಕುಹಕವೇನೂ ಇರಲಿಲ್ಲ, ಸಂತೋಷವೇ ಇತ್ತು. ಅದೇ ಮುತ್ತವ್ವನನ್ನು ಇನ್ನಷ್ಟು ಕುಗ್ಗಿಸಿತು. ಅವಳು "ಹೂಂ ವೈನಿ" ಅಂದಳು. ಗೋಪೀನಾಥ ಕಾರಿಡಾರಿನ ಕೊನೆಯಲ್ಲಿ ಮೋಸಂಬಿಯ ಚೀಲ ಹಿಡಿದು, ಯಾರದೋ ನೆಂಟನ ಹಾಗೆ ಗೋಡೆಗೆ ಒರಗಿ ನಿಂತಿದ್ದ. ಅವಳು ಅವನ ಕಡೆ ನೋಡಲೂ ಇಲ್ಲ.

ಆಪರೇಷನ್ ಆಯಿತು. ಮಾಮಾನ ರಕ್ತ ಮೈಗೆ ಹೊಂದಿತು. ಶಿಲ್ಪಾಳ ಬಿಳಿಚಿದ ತುಟಿಗೆ ಬಣ್ಣ ಬಂತು.

ಡಿಸ್‌ಚಾರ್ಜ್ ಆಗುವ ಹಿಂದಿನ ದಿನ ಕುಸುಮಾ ಮೇಡಂ ವಾರ್ಡಿಗೇ ಬಂದು, ಪರದೆ ಎಳೆದು, ಮಂಚದ ಅಂಚಿಗೆ ಕೂತರು. ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಿ ಬೆವರಿದ್ದ ಶಿಲ್ಪಾ ದಿಂಬಿಗೆ ಒರಗಿದ್ದಳು. ಮದುವೆ ಆಗಿಲ್ಲ ಅಲ್ವಾ, ಅದಕ್ಕೇ ಮುಂಚೆ ಹೇಳ್ತೀನಿ, ಎಂದು ಅವರು ಶುರು ಮಾಡಿದರು. ಮಗುವಿಗೆ ಅಪ್ಪನ ಜೀನೂ ಬರುತ್ತದಲ್ಲ. ಹೊರಗಿನ ಯಾರನ್ನೇ ಮದುವೆಯಾದರೂ, ಹೊಟ್ಟೆಯಲ್ಲಿರುವ ಮಗುವಿನ ರಕ್ತದಲ್ಲಿ ಇವಳಲ್ಲಿ ಇಲ್ಲದ ಆ ಪ್ರೋಟೀನ್ ಇರುತ್ತದೆ. ಇವಳ ಮೈ ಅದನ್ನೂ ಹಗೆ ಅಂದುಕೊಳ್ಳಬಹುದು. ಮಗುವಿಗೆ ರಕ್ತ ಕಡಿಮೆಯಾಗಬಹುದು, ಉಳಿಯದೆಯೂ ಹೋಗಬಹುದು. ಹಾಗೇ ಆಗುತ್ತದೆ ಅಂತಲ್ಲ. ಮೊದಲಿಂದ ನೋಡಿಕೊಂಡರೆ ಉಪಾಯಗಳಿವೆ, ಹೊಟ್ಟೆಯೊಳಗೇ ಮಗುವಿಗೆ ರಕ್ತ ಕೊಡುವುದೂ ಉಂಟು.

"ಆ ರಕ್ತ ಯಾರು ಕೊಡೋದು ಮೇಡಂ?" ಶಿಲ್ಪಾ ಕೇಳಿದಳು.

"ನಿಮ್ಮ ಮಾವನೇ ಕೊಡಬೇಕಾಗುತ್ತೆ. ಬೇರೆ ಕಡೆನೂ ಹುಡುಕ್ತೀವಿ, ಆದ್ರೆ ಸಿಗೋದು ಕಷ್ಟ."

ಮುತ್ತವ್ವ, ಕೇಳಬಾರದೆಂದು ಗೊತ್ತಿದ್ದೂ ಕೇಳಿಬಿಟ್ಟಳು. "ಹೊರಗ ಅಂದ್ರಿ. ಮನ್ಯಾಗ ಆದ್ರ? ನಮ್ಮ ಅಣ್ಣನ ಮಗ ಅದಾನ್ರಿ."

"ಅವ್ವಾ!"

ಕುಸುಮಾ ಮೇಡಂ ಮುಖ ಬಿಗಿಯಾಯಿತು. ಅವರು ಸುಳ್ಳು ಹೇಳುವ ಜಾತಿಯಲ್ಲ, ಅದು ಅವರ ತೊಂದರೆ. "ವೀರೇಶ್ ಅಲ್ವಾ? ಅವರಿಗೆ ಅಪ್ಪನಿಂದ ಒಂದು ಕೆಟ್ಟ ಜೀನ್ ಬಂದೇ ಬಂದಿರುತ್ತೆ. ಹಾಗಾಗಿ ಎರಡು ಮಕ್ಕಳಲ್ಲಿ ಒಂದು ಈ ತೊಂದರೆಯಿಂದ ಪಾರಾಗಬಹುದು. ಆದ್ರೆ ಆ ಮಗುನೂ ಇವರ ಥರಾನೇ ಹುಟ್ಟುತ್ತೆ. ನಾಳೆ ಅದಕ್ಕೂ ರಕ್ತ ಸಿಗಲ್ಲ. ಇನ್ನೊಂದಕ್ಕೆ ಅಪಾಯ ಇದ್ದೇ ಇದೆ. ಅಮ್ಮಾ, ಅವರನ್ನ ಮದುವೆ ಆಗಿ ಅಂತ ನಾನು ಹೇಳ್ತಾ ಇಲ್ಲ. ಕೇಳಿದ್ರಿ, ಇದ್ದಿದ್ದು ಹೇಳಿದೆ."

ಶಿಲ್ಪಾ ನಕ್ಕಳು, ಚೆನ್ನಾಗಿರಲಿಲ್ಲ ಆ ನಗು. "ಎಲ್ಲರೂ ಸೈನ್ಸ್ ಓದಿ ಮಾಮಾನ ಮಗನ ಕೈಯಿಂದ ತಪ್ಪಿಸ್ಕೊಂತಾರ. ನನಗ ನೋಡು, ಸೈನ್ಸs ಹಿಡಕೊಂಡು ಹೋಗಿ ಅವನ ಮುಂದ ನಿಲ್ಲಸ್ತೈತಿ."

ಡಾಕ್ಟರು ಎದ್ದಾಗ ಮುತ್ತವ್ವ ಅವರ ಹಿಂದೆಯೇ ಬಾಗಿಲವರೆಗೆ ಹೋಗಿ ಇನ್ನೊಂದು ಕೇಳಿದಳು. ಈಗ ಅಣ್ಣನ ರಕ್ತ ಮಗಳ ಮೈಯಲ್ಲಿ ಇದೆಯಲ್ಲ, ಅದು ಹಾಗೇ ಇರುತ್ತದೆಯೇ? ಅವರು ಅವಳ ಭುಜ ತಟ್ಟಿದರು. "ಇಲ್ಲಮ್ಮ. ಮೂರು ನಾಲ್ಕು ತಿಂಗಳಲ್ಲಿ ಆ ಕಣಗಳೆಲ್ಲ ಸವೆದು ಹೋಗುತ್ತೆ. ಕೊಟ್ಟಿದ್ರು ಅನ್ನೋ ಗುರುತೂ ಉಳಿಯಲ್ಲ."

ಕೆಂಗೇರಿಯ ಮನೆಗೆ ಬಂದ ಮೇಲೆ ಗೋಪೀನಾಥ ಒಂದು ಭಾನುವಾರ ಬಂದ. ಒಳ್ಳೆಯ ಹುಡುಗ, ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಬಂದ. ಶಿಲ್ಪಾ ಎಲ್ಲವನ್ನೂ ಅವನಿಗೆ ಹೇಳಿದ್ದಳು. "ಆಂಟಿ, ಮಕ್ಕಳಾಗದೆ ಇದ್ರೂ ನನಗೆ ಪರವಾಗಿಲ್ಲ. ಶಿಲ್ಪಾ ಇದ್ರೆ ಸಾಕು" ಎಂದ. ಮುತ್ತವ್ವ ಚಹಾ ಸೋಸುತ್ತಿದ್ದಳು. ಈ ವಯಸ್ಸಿನಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ ಅನ್ನಿಸಿತು. ಹತ್ತು ವರ್ಷ ಕಳೆದು, ಅಕ್ಕಪಕ್ಕದ ಮನೆಯ ಮಕ್ಕಳು ಇಸ್ಕೂಲಿನ ವ್ಯಾನ್ ಹತ್ತುವುದನ್ನು ಬೆಳಗ್ಗೆ ಬೆಳಗ್ಗೆ ನೋಡುವಾಗ ಇವನ ಬಾಯಲ್ಲಿ ಏನು ಬರುತ್ತದೋ. ಅಥವಾ ಇದೇ ಮಾತು ಬರಬಹುದು, ಯಾರು ಬಲ್ಲರು. ಅವಳು ಚಹಾ ಕೊಟ್ಟಳು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಅವನು ಹೋದ ಮೇಲೆ ಶಿಲ್ಪಾ ವಾಕರ್ ಕುಟ್ಟಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು. "ಅವ್ವಾ, ಮಾಮಾಗ ಹೇಳಿದೇನು?"

"ಹೆಂಗ ಹೇಳ್ಲೆವ್ವಾ? ನಿನ್ನ ಮೈಯಾಗ ಅವನ ರಕ್ತ ಇನ್ನೂ ಬಿಸಿ ಐತಿ."

"ನಾ ಕೇಳಿದ್ನೇನು? ಸಾಯಾಕ ಬಿಡಬೇಕಿತ್ತು."

"ಬಾಯಿ ಮುಚ್ಚು!"

ಮುತ್ತವ್ವ ಚಹಾದ ಪಾತ್ರೆ ತೊಳೆಯತೊಡಗಿದಳು. ಆಮೇಲೆ ಶಿಲ್ಪಾ ಮೆಲ್ಲಗೆ, "ನೀನೂ ನಿಮ್ಮ ಮಾಮಾನ್ನ ಮಾಡ್ಕೊಂಡಿ. ಒಲ್ಲೆ ಅಂದಿದ್ದಿಲ್ಲೇನು?" ಎಂದು ಕೇಳಿದಳು. ಮುತ್ತವ್ವ ಪಾತ್ರೆ ತೊಳೆಯುತ್ತಲೇ ಇದ್ದಳು. ಅಂದಿದ್ದಳು. ಅಂದದ್ದನ್ನು ಕೇಳಲು ಯಾರೂ ಕೂತಿರಲಿಲ್ಲ, ಎಲ್ಲರೂ ಚಪ್ಪರ ಹಾಕುತ್ತಿದ್ದರು.

ಮರುದಿನ ಖಾನಾವಳಿಯಲ್ಲಿ ಮಧ್ಯಾಹ್ನದ ಗದ್ದಲ ಮುಗಿದಿತ್ತು. ವೀರೇಶ ಪಾರ್ಸಲ್ ಕೊಡಲು ಹೋಗಿದ್ದ. ಒಳಗೆ ಮೂವರೇ ಇದ್ದರು. ಮುತ್ತವ್ವ ಒಲೆಯ ಮುಂದೆ ಕೂತು ಸಂಜೆಯ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು, ಜಗದಾಂಬಾ ಸೇಂಗಾ ಹುರಿದು ಸಿಪ್ಪೆ ಉದುರಿಸುತ್ತಿದ್ದಳು, ಮಡಿವಾಳಪ್ಪ ಎಲ್ಲರೂ ಉಂಡಾದ ಮೇಲೆ ತಾನು ಉಣ್ಣಲು ಕೂತಿದ್ದ.

"ಹುಡುಗಿ ನಡ್ಯಾಕ ಹತ್ಯಾಳಲ್ಲ," ಜಗದಾಂಬಾ ಮೊರ ಕೇರುತ್ತ ಶುರು ಮಾಡಿದಳು. "ಆಷಾಢ ಬರೂದ್ರಾಗ ಒಂದು ದಿನ ನೋಡಿ ಅಕ್ಕಿಕಾಳು ಹಾಕಿಬಿಡೂಣು. ಕುಂಟ್ಕೋತ ಬಂದ್ರೂ ನಮ್ಮಕಿನs."

ಮುತ್ತವ್ವನ ಕೈ ಹಿಟ್ಟಿನಲ್ಲಿ ನಿಂತಿತು. ಹೇಳಬೇಕಾದ ಹೊತ್ತು ಇದೇ ಎಂದು ಗೊತ್ತಾಯಿತು, ಆದರೂ ಹಿಟ್ಟಿಗೆ ಇನ್ನಷ್ಟು ನೀರು ಚಿಮುಕಿಸಿದಳು. ಅಷ್ಟರಲ್ಲಿ ಮಡಿವಾಳಪ್ಪ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು, "ಆ ಲಗ್ನ ಆಗಾಕ ಬರಂಗಿಲ್ಲ" ಎಂದ.

"ಯಾಕ?"

"ನಾನೂ ಆವತ್ತಿಂದ ವಿಚಾರ ಮಾಡ್ಲಿಕ್ಕ ಹತ್ತೀನಿ. ಯಾರಿಗೂ ಹೇಳಿದ್ದಿಲ್ಲ. ನನ್ನ ರಕ್ತ ಅಕಿ ಮೈಯಾಗ ಹೊಕ್ಕೈತಿ. ಹೌದಿಲ್ಲೋ? ನನ್ನ ರಕ್ತ ಇದ್ದಾಕಿ ನನಗ ಏನಾದ್ಲು? ಮಗಳಾದ್ಲು. ವೀರೇಶಗ ತಂಗಿ ಆದ್ಲು. ಒಡಹುಟ್ಟಿದವರಿಗೆ ಅಕ್ಕಿಕಾಳು ಹಾಕ್ತಾರೇನು? ನರಕಕ್ಕ ಹೋಗಬೇಕಾಗ್ತೈತಿ." ಅವನ ದನಿ ನಡುಗುತ್ತಿತ್ತು, ದುಃಖಕ್ಕೋ ಸಂತೋಷಕ್ಕೋ ತಿಳಿಯುವಂತಿರಲಿಲ್ಲ. "ಹೆಣ್ಣು ಮಗಳು ಇಲ್ಲ ಇಲ್ಲ ಅಂತಿದ್ದಿ. ಇಷ್ಟು ದೊಡ್ಡಾಕಿ ಆಗಿ ಬಂದಾಳ ನೋಡು."

"ಅಯ್ಯ, ಇವರ ಮಾತs! ಅಕಿ ಮೈಯಾಗ ಮೊದಲs ನಿಮ್ಮ ಮನೆತನದ ರಕ್ತ ಇದ್ದಿದ್ದಿಲ್ಲೇನು? ಸ್ವಾದರತ್ತಿ ಮಗಳಂದ್ರ ಅದs ಅಲ್ಲ?"

"ಅದು ಹುಟ್ಟಿಂದ ಬಂದದ್ದು. ಅದು ಬ್ಯಾರೆ. ಇದು ನನ್ನ ತೋಳಿಂದ ತಗದು ಹಾಕಿದ್ದು. ಕಣ್ಣಾರೆ ನೋಡೀನಿ."

"ಮುಖ ತಿರುವಿದ್ರಂತಲ್ಲ ಸೂಜಿ ನೋಡಿ!" ಜಗದಾಂಬಾ ಮೊರವನ್ನು ನೆಲಕ್ಕೆ ಕುಕ್ಕಿದಳು. ಸೇಂಗಾ ಸಿಪ್ಪೆ ಅಷ್ಟಗಲ ಹಾರಿತು. ಗಂಡನ ಜೊತೆ ವಾದಿಸಿ ಪ್ರಯೋಜನವಿಲ್ಲವೆಂದು ತಿಳಿದವಳಂತೆ ಅವಳು ಒಲೆಯ ಕಡೆ ತಿರುಗಿದಳು. "ಮುತ್ತವ್ವಾ, ನೀ ಡಾಕ್ಟರ ಹಿಂದs ಅಡ್ಡ್ಯಾಡಿದಾಕಿ, ಎಲ್ಲಾ ಕೇಳಿ ತಿಳಕೊಂಡಾಕಿ. ನೀ ಹೇಳು, ನೀ ಹೇಳಿದ್ರ ನಾ ಒಪ್ತೀನಿ. ರಕ್ತ ಕೊಟ್ರ ಖರೇನs ಮಗಳಾಗಿಬಿಡ್ತಾಳೇನು? ಆ ಡಾಕ್ಟರಮ್ಮ ಏನಂದ್ರು?"

ಇಬ್ಬರೂ ಅವಳನ್ನೇ ನೋಡುತ್ತಿದ್ದರು. ಮುತ್ತವ್ವನ ಬಾಯಲ್ಲಿ ಎರಡು ಮಾತು ಇದ್ದವು. ಮೂರು ನಾಲ್ಕು ತಿಂಗಳಲ್ಲಿ ಸವೆದು ಹೋಗುತ್ತದಂತೆ, ಅಣ್ಣಾ, ಗುರುತೂ ಉಳಿಯುವುದಿಲ್ಲವಂತೆ. ವೀರೇಶನನ್ನು ಮಾಡಿಕೊಂಡರೆ ಎರಡರಲ್ಲಿ ಒಂದು ಕೂಸು ಪಾರಾಗುತ್ತದಂತೆ. ಎರಡೂ ನಿಜ. ಇಷ್ಟು ಹೇಳಿದರೆ ಸಂಜೆಯೊಳಗೆ ಜಗದಾಂಬಾ ಸ್ವಾಮಿಗಳ ಹತ್ತಿರ ಹೋಗಿ ದಿನ ನೋಡಿಸಿಕೊಂಡು ಬರುತ್ತಾಳೆ. ಅಣ್ಣನ ಮುಂದೆ ತನ್ನ ತಲೆ ಎತ್ತಿದ್ದು ಎತ್ತಿದ ಹಾಗೇ ಇರುತ್ತದೆ. ಮುಂದೊಂದು ದಿನ ಒಂದು ಕೂಸು ಅಳುತ್ತ ಹುಟ್ಟಬಹುದು. ಹೇಳದಿದ್ದರೆ? ಆ ಕೂಸು ಹುಟ್ಟದೆಯೇ ಹೋಗಬಹುದು. ಆಗ ಶಿಲ್ಪಾ ತಿರುಗಿ, ಅವ್ವಾ, ನಿನಗ ಎಲ್ಲಾ ಗೊತ್ತಿತ್ತು, ಅಂದರೆ? ಯಾವ ಕಡೆ ಹೆಜ್ಜೆ ಇಟ್ಟರೂ ಮಗಳೇ ಕಾಲಡಿ ಸಿಗುತ್ತಿದ್ದಳು.

ಮಡಿವಾಳಪ್ಪ ಕಣ್ಣು ಮಿಟುಕಿಸದೆ ಕಾಯುತ್ತಿದ್ದ. ತಪ್ಪು ಹೇಳಿಬಿಟ್ಟೆನೇನೋ ಎಂದು ಹೆದರಿದ ಇಸ್ಕೂಲು ಹುಡುಗನ ಹಾಗೆ ಕಾಣುತ್ತಿದ್ದ.

"ಹೂಂ ವೈನಿ," ಅಂದಳು ಮುತ್ತವ್ವ. "ಆ ಮೇಡಮ್ಮs ಅಂದ್ರು. ಅಣ್ಣ ಇನ್ನ ಅಕಿಗೆ ಅಪ್ಪ ಇದ್ದಂಗ ಅಂದ್ರು."

ಜಗದಾಂಬಾ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಎದ್ದು ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿಸಿತು, ನಿಂತ ಸದ್ದು ಬಹಳ ಹೊತ್ತು ಕೇಳಿಸಲಿಲ್ಲ. ಮಡಿವಾಳಪ್ಪ ತಾಟಿನಲ್ಲಿದ್ದ ರೊಟ್ಟಿಯನ್ನು ಪಲ್ಯಕ್ಕೆ ಒತ್ತಿದ, ತಿನ್ನಲಿಲ್ಲ.

"ಹಂಗಾರ ಅಕಿಗೆ ಬ್ಯಾರೆ ವರ ನಾನs ನೋಡಬೇಕು," ಎಂದ. "ಅಪ್ಪ ಅಂದ ಮ್ಯಾಲೆ."

"ನೋಡು, ಅಣ್ಣಾ."

"ಮತ್ತ ರಕ್ತ ಬೇಕಾದ್ರೂ ನಾನs. ಅಕಿಗಾಗ್ಲಿ, ಅಕಿ ಮಕ್ಕಳಿಗಾಗ್ಲಿ. ನಾ ಇನ್ನ ಈ ಊರು ಬಿಟ್ಟು ಎಲ್ಲೂ ಹೋಗಂಗಿಲ್ಲ."

ಅವಳು ತಲೆಯಾಡಿಸಿದಳು. ಅಕಿ ಮಕ್ಕಳು ಅನ್ನುವ ಮಾತು ಕಿವಿಯಲ್ಲಿ ಇನ್ನೂ ಇತ್ತು. ಹಿಟ್ಟಿನ ಉಂಡೆ ಎತ್ತಿ ಮರದ ಕೊಣಮಿಗೆಯಲ್ಲಿಟ್ಟು ರೊಟ್ಟಿ ಬಡಿಯತೊಡಗಿದಳು. ಬಡಿತ ಒಂದೇ ಸಮ ಬರಲಿಲ್ಲ, ರೊಟ್ಟಿ ಒಂದು ಕಡೆ ತೆಳ್ಳಗಾಗಿ ಹರಿಯಿತು. ಮುದ್ದೆ ಮಾಡಿ ಮತ್ತೆ ಬಡಿದಳು. ಹೊರಗೆ ಯಾರೋ ಡೆಲಿವರಿ ಹುಡುಗ ಬೈಕ್ ನಿಲ್ಲಿಸಿ, "ಅಣ್ಣಾ, ಊಟ ಐತೇನ್ರಿ?" ಎಂದು ಕೂಗಿದ. "ಐತಿ, ಬಾ ತಮ್ಮಾ" ಎನ್ನುತ್ತ ಮಡಿವಾಳಪ್ಪ ಕೈ ತೊಳೆಯಲು ಎದ್ದ.

ತೊಟ್ಟಿಲ ದಿನ ಅಣ್ಣನಿಗೆ ಕೊಟ್ಟ ಮಾತನ್ನು ಮುತ್ತವ್ವ ಮುರಿದಿದ್ದಳು.